ಮಾಂಸದಂಗಡಿ, ಪುರಸಭೆಯ ಮೊಹರು ಮತ್ತು ನಾವು

(ಬಕ್ರೀದ್‌ಗೆ ಮುಂಚಿತವಾಗಿ ಪಟ್ಟಣವೊಂದರ ಜಮಾಅತ್ ಏರ್ಪಡಿಸಿದ್ದ ಸಭೆಯಲ್ಲಿ ನಿವೃತ್ತ ಪಶುವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟಿರುವ ವಿಷಯ 'ಪ್ರಾಣಿವಧೆಯ ಕಾನೂನು ಮತ್ತು ಮುಸ್ಲಿಮರು' ಎಂಬುದು. ಇಂತಹ ವಿಷಯಕ್ಕೆ ಸಾಮಾನ್ಯವಾಗಿ ವಕೀಲರನ್ನು ಕರೆಯುತ್ತಾರೆ, ಇಲ್ಲವೇ ರಾಜಕಾರಣಿಗಳನ್ನು. ನಾನು ಮೂವತ್ತೊಂದು ವರ್ಷ ಸರಕಾರದ ಪಶುವೈದ್ಯನಾಗಿ ದುಡಿದು ನಿವೃತ್ತನಾದವನು. ಕಾನೂನಿನ ಪುಸ್ತಕವನ್ನು ನಾನು ಓದಿದ್ದು ದನದ ಕೊಟ್ಟಿಗೆ ಮತ್ತು ಕಸಾಯಿಖಾನೆಯ ಕಡೆಯಿಂದ. ಆದುದರಿಂದ ಭಾವಾವೇಶದ ಭಾಷಣವನ್ನು ನಿರೀಕ್ಷಿಸಿ ಬಂದವರಿಗೆ ನಿರಾಸೆಯಾದೀತು. ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು ಮುಂದುವರಿಯುತ್ತೇನೆ.

ನೌಕರಿಯ ಆರಂಭದ ವರ್ಷಗಳಲ್ಲಿ ನಾನೊಂದು ಸಣ್ಣ ಪಟ್ಟಣದಲ್ಲಿದ್ದೆ. ಅಲ್ಲಿನ ಪುರಸಭೆಗೆ ಹಂಚಿನ ಮಾಡಿನ ಒಂದು ಕಸಾಯಿಖಾನೆಯಿತ್ತು. ಕಲ್ಲು ಚಪ್ಪಡಿಯ ನೆಲ, ಮೂಲೆಯಲ್ಲೊಂದು ತೊಟ್ಟಿ. ತೊಟ್ಟಿಗೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮುಂಜಾನೆ ನಾಲ್ಕಕ್ಕೆ ಕುರಿ ಮೇಕೆಗಳು ಬರುತ್ತಿದ್ದವು. ಪ್ರತಿಯೊಂದನ್ನೂ ಜೀವಂತವಿರುವಾಗ ಒಮ್ಮೆ, ಕೊಯ್ದ ಬಳಿಕ ಇನ್ನೊಮ್ಮೆ ಪರೀಕ್ಷಿಸಿ, ತಿನ್ನಲು ಯೋಗ್ಯವೆಂದು ಕಂಡರೆ ತೊಡೆಯ ಮೇಲೆ ನೇರಳೆ ಶಾಯಿಯ ಮೊಹರು ಒತ್ತುವುದು ನನ್ನ ಕರ್ತವ್ಯವಾಗಿತ್ತು. ಮೊದಲ ಕೆಲವು ತಿಂಗಳು ಅದನ್ನು ನಿಷ್ಠೆಯಿಂದಲೇ ಮಾಡಿದೆ. ಆಮೇಲೆ ಚಳಿಗಾಲ ಬಂತು. ಎದುರಿನ ಹೋಟೆಲಿನ ಬೆಂಚಿನ ಮೇಲೆ ಕುಳಿತು, ಚಹಾ ಕುಡಿಯುತ್ತಾ ರಿಜಿಸ್ಟರಿಗೆ ಸಹಿ ಹಾಕತೊಡಗಿದೆ. ಮೊಹರು ನನ್ನ ಕೈಯಿಂದ ಜವಾನನ ಜೇಬಿಗೆ ಹೋಯಿತು. ಮೂವತ್ತು ನಲವತ್ತು ಪ್ರಾಣಿಗಳ ತಪಾಸಣೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಮೇಲಧಿಕಾರಿಗಳು ಕೇಳಲಿಲ್ಲ, ಪುರಸಭೆಯವರು ಕೇಳಲಿಲ್ಲ, ಮಾಂಸ ಕೊಳ್ಳುವ ಜನರಂತೂ ಕೇಳಲೇ ಇಲ್ಲ.

ಒಂದು ಬೆಳಿಗ್ಗೆ ವಯಸ್ಸಾದ ಕಸಾಯಿಯೊಬ್ಬರು ಬೆಂಚಿನ ಬಳಿಗೆ ಬಂದರು. ಅವರ ಕೈಯಲ್ಲಿ ಕುರಿಯ ಕಲೇಜಿ ಇತ್ತು. ಅದರ ತುಂಬ ನೀರು ತುಂಬಿದ ಬಿಳಿಯ ಗುಳ್ಳೆಗಳು. "ಡಾಕ್ಟರ್ ಸಾಹೇಬರೇ, ಇದನ್ನು ನೋಡಿ" ಎಂದರು. ಆ ಕುರಿಯ ತೊಡೆಯ ಮೇಲೆ ನನ್ನ ಮೊಹರು ಆಗಲೇ ಬಿದ್ದಿತ್ತು. "ಇದನ್ನು ನಾನು ಆಳವಾಗಿ ಹೂಳುತ್ತೇನೆ. ಜನ ನಿಮ್ಮ ಮೊಹರನ್ನು ನೋಡಿ ಕೊಳ್ಳುತ್ತಾರಲ್ಲ, ಅದಕ್ಕೆ ತೋರಿಸಿದೆ" ಎಂದು ಹೇಳಿ ಹೊರಟುಹೋದರು. ಅವರ ಸ್ವರದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ.

ಆ ಗುಳ್ಳೆಗಳ ವಿಷಯವನ್ನು ಸ್ವಲ್ಪ ವಿವರಿಸಬೇಕು. ನಾಯಿಯ ಕರುಳಿನಲ್ಲಿ ಬಹಳ ಸಣ್ಣದಾದ ಒಂದು ಲಾಡಿಹುಳು ಇರುತ್ತದೆ. ಅದರ ಮೊಟ್ಟೆಗಳು ನಾಯಿಯ ಮಲದೊಂದಿಗೆ ಹುಲ್ಲಿಗೆ ಸೇರಿ, ಕುರಿಯ ಹೊಟ್ಟೆಗೆ ಹೋಗಿ, ಕಲೇಜಿಯಲ್ಲೂ ಶ್ವಾಸಕೋಶದಲ್ಲೂ ನೀರುಗುಳ್ಳೆಗಳಾಗಿ ಬೆಳೆಯುತ್ತವೆ. ಕೊಯ್ದವನು ಆ ಕಲೇಜಿಯನ್ನು ಚರಂಡಿಗೆ ಎಸೆದರೆ ಬೀದಿನಾಯಿ ತಿನ್ನುತ್ತದೆ. ಮತ್ತೆ ಹುಳು, ಮತ್ತೆ ಮೊಟ್ಟೆ. ಆ ನಾಯಿಯ ಜೊತೆ ಆಡಿದ ಮಗು ಕೈ ತೊಳೆಯದೆ ಊಟ ಮಾಡಿದರೆ, ಚೆನ್ನಾಗಿ ತೊಳೆಯದ ಸೊಪ್ಪನ್ನು ಮನೆಮಂದಿ ತಿಂದರೆ, ಮನುಷ್ಯನ ಕಲೇಜಿಯಲ್ಲೂ ಅದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಕೊನೆಗೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಗಮನಿಸಿ: ಆ ಕುರಿಯ ಮಾಂಸವನ್ನು ತಿಂದವನಿಗೆ ಅದರಿಂದ ಈ ರೋಗ ಬರುವುದಿಲ್ಲ. ನಾವು ಎಸೆದ ತ್ಯಾಜ್ಯದಿಂದ, ಜೀವಮಾನದಲ್ಲಿ ಮಾಂಸವನ್ನೇ ಮುಟ್ಟದ ನೆರೆಮನೆಯ ಮಗುವಿಗೂ ಬರಬಹುದು. ಅಂದಮೇಲೆ ಕಸಾಯಿಖಾನೆ ಎಂಬುದು ಮಾಂಸ ತಿನ್ನುವವರ ಖಾಸಗಿ ವಿಷಯವಲ್ಲ. ಕುಡಿಯುವ ನೀರಿನಂತೆ ಅದು ಇಡೀ ಊರಿನ ವಿಷಯ.

ಈಗ ಕಾನೂನಿಗೆ ಬರೋಣ. 1964ರಲ್ಲಿ ಅಂದಿನ ಮೈಸೂರು ರಾಜ್ಯದ ಶಾಸನಸಭೆಯು ನಮ್ಮ ವಿಷಯಕ್ಕೆ ಸಂಬಂಧಿಸಿದ ಎರಡು ಕಾಯ್ದೆಗಳನ್ನು ಮಾಡಿತು. ಒಂದು, ಗೋಹತ್ಯೆ ತಡೆ ಮತ್ತು ಜಾನುವಾರು ಸಂರಕ್ಷಣಾ ಕಾಯ್ದೆ. ಇನ್ನೊಂದು, ಪುರಸಭೆಗಳ ಕಾಯ್ದೆ. ಮೊದಲನೆಯದು ಏನನ್ನು ಕೊಯ್ಯಕೂಡದು ಎಂದು ಹೇಳಿತು. ಎರಡನೆಯದು ರಸ್ತೆ, ಚರಂಡಿ, ಮಾರುಕಟ್ಟೆಗಳಂತೆಯೇ ವಧಾಗಾರವನ್ನೂ ಕಟ್ಟಿ ನೋಡಿಕೊಳ್ಳುವುದನ್ನು ಪುರಸಭೆಯ ಕರ್ತವ್ಯಗಳ ಸಾಲಿಗೆ ಸೇರಿಸಿತು. ಮೊದಲನೆಯ ಕಾಯ್ದೆಯ ಹೆಸರು ಇಲ್ಲಿರುವ ಎಂಟು ವರ್ಷದ ಬಾಲಕನಿಗೂ ಗೊತ್ತು. ಅದರ ಮೇಲೆ ಚುನಾವಣೆಗಳು ನಡೆದಿವೆ, ಸರಕಾರಗಳು ಗುಡುಗಿವೆ, ನಾವೂ ಬೀದಿಗಿಳಿದಿದ್ದೇವೆ. ಎರಡನೆಯದರಲ್ಲಿ ನಮಗೆ ಸಿಗಬೇಕಾದ ಒಂದು ಹಕ್ಕು ಅಡಗಿದೆ ಎಂಬುದನ್ನು ಯಾರೂ ಎತ್ತಿಹೇಳಲಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಆ ಎರಡನೆಯ ಕಾಯ್ದೆಯ ಬಗ್ಗೆ. ಆದರೆ ಮೊದಲನೆಯದನ್ನು ದಾಟದೆ ಅಲ್ಲಿಗೆ ಹೋಗುವಂತಿಲ್ಲ.

ಸಂವಿಧಾನ ಸಭೆಯಲ್ಲಿ ಈ ಚರ್ಚೆ ನಡೆದದ್ದು 1948ರ ನವೆಂಬರ್ 24ರಂದು. ಪಂಡಿತ್ ಠಾಕೂರ್ ದಾಸ್ ಭಾರ್ಗವ ಅವರು ತಂದ ತಿದ್ದುಪಡಿಯೇ ಇಂದಿನ 48ನೇ ವಿಧಿಗೆ ಮೂಲ. ಆ ದಿನ ಇಬ್ಬರು ಮುಸ್ಲಿಮ್ ಸದಸ್ಯರು ಮಾತನಾಡಿದರು. ಅಸ್ಸಾಮಿನ ಸಯ್ಯಿದ್ ಮುಹಮ್ಮದ್ ಸಾದುಲ್ಲಾ ಅವರು, ಧಾರ್ಮಿಕ ಭಾವನೆಯೇ ಕಾರಣವೆಂದು ನೇರವಾಗಿ ಹೇಳಿದರೆ ತಾನು ಅಡ್ಡಬರುವುದಿಲ್ಲ, ಆರ್ಥಿಕ ಕಾರಣವೆಂದು ಹೇಳುವಾಗ ಮಾತ್ರ ಸಂಶಯ ಮೂಡುತ್ತದೆ ಎಂಬರ್ಥದಲ್ಲಿ ಮಾತನಾಡಿದರು. ಸಂಯುಕ್ತ ಪ್ರಾಂತದ ಝೆಡ್.ಎಚ್. ಲಾರಿ ಅವರ ಬೇಡಿಕೆ ಇನ್ನೂ ಸರಳವಾಗಿತ್ತು: ಬಹುಸಂಖ್ಯಾತರು ನಿಷೇಧ ಬಯಸುವುದಾದರೆ ಅದನ್ನು ಸ್ಪಷ್ಟವಾಗಿ ಹೇಳಿಬಿಡಲಿ, ಯಾವುದಕ್ಕೆ ಅನುಮತಿಯಿದೆ, ಯಾವುದಕ್ಕೆ ಇಲ್ಲ ಎಂಬುದು ಮುಸ್ಲಿಮರಿಗೆ ತಿಳಿದಿರಲಿ, ಗೊಂದಲದಲ್ಲಿಡಬೇಡಿ. ಏಳು ದಶಕಗಳು ಕಳೆದರೂ ಆ ಬೇಡಿಕೆ ಪೂರ್ತಿ ಈಡೇರಿಲ್ಲ ಎಂಬುದು ನನ್ನ ಅಭಿಪ್ರಾಯ. ಇದು ಸಿಟ್ಟಿನ ಮಾತಲ್ಲ. ಕಸಾಯಿಖಾನೆಯ ಬಾಗಿಲಲ್ಲಿ ನಿಂತು ಕಂಡ ಮಾತು.

ಬಳಿಕ ನ್ಯಾಯಾಲಯಗಳ ಕಾಲ. 1958ರಲ್ಲಿ ಮುಹಮ್ಮದ್ ಹನೀಫ್ ಖುರೇಷಿ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು, ಎಲ್ಲಾ ವಯಸ್ಸಿನ ಹಸುಗಳ ಮತ್ತು ಕರುಗಳ ವಧೆಯ ನಿಷೇಧವನ್ನು ಎತ್ತಿಹಿಡಿಯಿತು. ಹಾಲು ಕೊಡಲಾರದ ಎಮ್ಮೆ, ದುಡಿಯಲಾರದ ಹೋರಿ ಮತ್ತು ಎತ್ತುಗಳ ವಿಷಯದಲ್ಲಿ ಸಂಪೂರ್ಣ ನಿಷೇಧ ಸಮಂಜಸವಲ್ಲ ಎಂದಿತು. ಆ ತೀರ್ಪಿನಲ್ಲಿ ನಾವು ಓದಿ ತಲೆ ತಗ್ಗಿಸಬೇಕಾದ ಒಂದು ಭಾಗವಿದೆ. ಅರ್ಜಿದಾರರು ಧಾರ್ಮಿಕ ಸ್ವಾತಂತ್ರ್ಯದ ವಾದವನ್ನೂ ಮುಂದಿಟ್ಟಿದ್ದರು. ಆದರೆ ಅದನ್ನು ಸಮರ್ಥಿಸಲು ಒಬ್ಬ ಮೌಲಾನಾರ ಪ್ರಮಾಣಪತ್ರವೂ ಕಡತದಲ್ಲಿರಲಿಲ್ಲ ಎಂಬುದನ್ನು ನ್ಯಾಯಾಲಯ ಗುರುತಿಸಿತು. ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ನಾವು ಹೋದ ಸಿದ್ಧತೆ ಅಷ್ಟು! 2005ರ ಅಕ್ಟೋಬರ್ 26ರಂದು ಗುಜರಾತಿನ ಮಿರ್ಜಾಪುರ್ ಮೊಕದ್ದಮೆಯಲ್ಲಿ ಏಳು ನ್ಯಾಯಾಧೀಶರ ಪೀಠವು ಒಬ್ಬರ ಭಿನ್ನಮತದೊಂದಿಗೆ ಹಳೆಯ ನಿಲುವನ್ನು ಬದಲಿಸಿತು. ಮುದಿ ಎತ್ತಿನ ಸಗಣಿ, ಗಂಜಲಗಳಿಗೂ ಬೆಲೆಯಿದೆ; ಆದುದರಿಂದ ಅದನ್ನು ನಿರುಪಯೋಗಿ ಎನ್ನಲಾಗದು ಎಂಬುದು ಅಲ್ಲಿನ ಒಂದು ಮುಖ್ಯ ವಾದವಾಗಿತ್ತು.

ನಮ್ಮ ರಾಜ್ಯದಲ್ಲಿ 1964ರ ಕಾಯ್ದೆಯು 12 ವರ್ಷ ಮೀರಿದ ಅಥವಾ ದುಡಿಮೆಗೆ ಬಾರದ ಎತ್ತು, ಹೋರಿ, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2010ರಲ್ಲಿ ತಂದ ಕಠಿಣ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬೀಳಲಿಲ್ಲ. 2013ರಲ್ಲಿ ಹೊಸ ಸರಕಾರ ಅದನ್ನು ಹಿಂಪಡೆಯಿತು. ಮತ್ತೆ 2020ರ ಡಿಸೆಂಬರ್‌ನಲ್ಲಿ ವಿಧಾನಸಭೆ ಅಂಗೀಕರಿಸಿದ ಮಸೂದೆಯು, ಮೊದಲು ಸುಗ್ರೀವಾಜ್ಞೆಯಾಗಿ, ಬಳಿಕ ಕಾಯ್ದೆಯಾಗಿ 2021ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಬಿಟ್ಟರೆ ಉಳಿದ ಯಾವ ಜಾನುವಾರನ್ನೂ ಕೊಯ್ಯುವಂತಿಲ್ಲ. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆವಾಸ, ಒಂದು ಜಾನುವಾರಿಗೆ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಈ ಕಾಯ್ದೆಯು ಬಡ ರೈತನಿಗೂ, ಚರ್ಮದ ಕೆಲಸಗಾರನಿಗೂ, ಕಡಿಮೆ ಬೆಲೆಯ ಮಾಂಸವನ್ನು ನಂಬಿದ ಬಡವನಿಗೂ ಅನ್ಯಾಯ ಮಾಡಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ವಿರೋಧಿಸುವ ಸ್ಥಳಗಳು ಶಾಸನಸಭೆ, ನ್ಯಾಯಾಲಯ ಮತ್ತು ಮತಗಟ್ಟೆ. ಕತ್ತಲಲ್ಲಿ ಕದ್ದು ಕೊಯ್ಯುವವನು ವಿರೋಧ ಮಾಡುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದಾನೆ. ಅವನ ಲಾಭ ಅವನದು. ಪೆಟ್ಟು ತಿನ್ನುವುದು ಸಂತೆಯಿಂದ ರಸೀದಿ ಪಡೆದು ಹಗಲಲ್ಲೇ ಕುರಿ ತರುವ ಅಮಾಯಕ.

ಇಷ್ಟು ಹೇಳಿ ಆ ವಿಷಯವನ್ನು ಬಿಡುತ್ತೇನೆ. ಏಕೆಂದರೆ ನಿಮ್ಮಲ್ಲಿ ಹೆಚ್ಚಿನವರ ಮನೆಗೆ ಬರುವುದು ಕುರಿ, ಮೇಕೆ ಮತ್ತು ಕೋಳಿ. ಇವುಗಳ ಮೇಲೆ ಯಾವ ನಿಷೇಧವೂ ಇಲ್ಲ. 2019ರ ಜಾನುವಾರು ಗಣತಿಯಂತೆ ನಮ್ಮ ರಾಜ್ಯದಲ್ಲಿ ಒಂದು ಕೋಟಿಗೂ ಮಿಕ್ಕಿ ಕುರಿಗಳಿವೆ. ಬಂಡೂರು ಕುರಿ, ಕೆಂಗುರಿ, ದಖ್ಖನಿ ಎಂದು ಹೆಸರಾದ ತಳಿಗಳಿವೆ. ಸಾಕುವವರು ಬಹುತೇಕ ಕುರುಬರು ಮತ್ತು ಸಣ್ಣ ರೈತರು. ಹಾಗಾದರೆ ಕುರಿಮಾಂಸದ ಅಂಗಡಿಯವನು ಏಕೆ ಅಪರಾಧಿಯಂತೆ ಬದುಕಬೇಕು?

ಇದರ ಒಳಗುಟ್ಟನ್ನು ನಾನು ಬಲ್ಲೆ. ಅಂಗಡಿಯವನು ಉದ್ದಿಮೆ ಪರವಾನಗಿಯ ನವೀಕರಣಕ್ಕೆ ಹೋಗುತ್ತಾನೆ. ಮಾನ್ಯತೆ ಪಡೆದ ವಧಾಗಾರದಲ್ಲಿ ಕೊಯ್ಸಿದ ರಸೀದಿ ತಾ ಎನ್ನುತ್ತಾರೆ. ಊರಿನ ಹಳೆಯ ವಧಾಗಾರ ಬಿದ್ದುಹೋಗಿದೆ, ಹೊಸದು ಕಟ್ಟಿಲ್ಲ. ಕಟ್ಟಿದ್ದರೆ ಬೀಗ ತೆರೆದಿಲ್ಲ. ಪಶುವೈದ್ಯರ ಹುದ್ದೆ ಖಾಲಿ, ಇಲ್ಲವೇ ಮೂರು ಊರಿಗೆ ಒಬ್ಬರು. ಹೀಗೆ ಇಡೀ ಊರಿನ ಮಾಂಸದಂಗಡಿಗಳು ಒಂದೇ ದಿನದಲ್ಲಿ ಅಕ್ರಮವಾಗುತ್ತವೆ. ಆದರೂ ಮುಚ್ಚುವುದಿಲ್ಲ. ವಾರಕ್ಕೊಮ್ಮೆ ಯಾರೋ ಬಂದು ಎರಡು ಕಿಲೋ ಕಟ್ಟಿಸಿಕೊಂಡು ಹೋಗುತ್ತಾರೆ, ತಿಂಗಳಿಗೊಮ್ಮೆ ಮಾಮೂಲು. ಚುನಾವಣೆ ಬಂದಾಗಲೋ ಮೆರವಣಿಗೆ ಹೊರಟಾಗಲೋ ಅದೇ ಅಂಗಡಿಗೆ ಬೀಗ ಜಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಸಂಬಂಧಿಕನೊಬ್ಬನ ಅರ್ಜಿ ಹೀಗೆ ಮೂರು ಸಲ ವಾಪಸು ಬಂದಿತ್ತು. ಮೂರನೆಯ ಸಲ ಅವನು ನನ್ನ ಹತ್ತಿರ ಬಂದು, "ಮಾಮೂ, ಅಂಗಡಿ ಮುಚ್ಚಬೇಕಾದರೆ ಮುಚ್ಚು ಅಂತ ಬರೆದುಕೊಡಲಿ, ನಾನು ಆಟೋ ಓಡಿಸುತ್ತೇನೆ. ಮುಚ್ಚು ಅಂತಲೂ ಹೇಳುವುದಿಲ್ಲ, ನಡೆಸು ಅಂತಲೂ ಹೇಳುವುದಿಲ್ಲ" ಎಂದ. ಲಾರಿ ಸಾಹೇಬರ ಹೆಸರನ್ನು ಅವನು ಕೇಳಿದವನಲ್ಲ.

ಪಾಲಿಸಲು ಸಾಧ್ಯವಿಲ್ಲದಂತೆ ಇಟ್ಟ ನಿಯಮವು ಅಧಿಕಾರಿಯ ಜೇಬಿಗೆ ಆದಾಯ, ರಾಜಕಾರಣಿಯ ಕೈಗೆ ಬೆತ್ತ. 2017ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶದಲ್ಲಿ ಆದದ್ದು ಇದೇ. ಹೊಸ ಸರಕಾರ ಬಂದೊಡನೆ ಅಕ್ರಮವೆಂದು ಹೇಳಿ ಕಸಾಯಿಖಾನೆಗಳನ್ನೂ ಅಂಗಡಿಗಳನ್ನೂ ಸಾಲಾಗಿ ಮುಚ್ಚಿಸಲಾಯಿತು. ಲಕ್ನೋದ ಪ್ರಸಿದ್ಧ ಕಬಾಬಿನ ಅಂಗಡಿಯಲ್ಲಿ ಎಮ್ಮೆಯ ಮಾಂಸ ಸಿಗದೆ ಕೋಳಿಯ ಕಬಾಬು ಬೇಯಿಸಿದರು. ಮೃಗಾಲಯದ ಸಿಂಹಗಳಿಗೂ ಕೋಳಿಯೇ ಗತಿಯಾಯಿತೆಂದು ಪತ್ರಿಕೆಗಳು ಬರೆದವು. ಸಿಂಹಗಳು ಯಾವ ಪಕ್ಷಕ್ಕೆ ಮತ ಹಾಕಿದ್ದವೋ ತಿಳಿಯದು. ವ್ಯಾಪಾರಿಗಳು ಅಲಹಾಬಾದ್ ಹೈಕೋರ್ಟಿನ ಲಕ್ನೋ ಪೀಠಕ್ಕೆ ಹೋದರು. ಆ ವರ್ಷದ ಏಪ್ರಿಲ್ ಮತ್ತು ಮೇ ತಿಂಗಳ ಆದೇಶಗಳಲ್ಲಿ ಪೀಠವು ಹೇಳಿದ ಮಾತಿನ ತಾತ್ಪರ್ಯ ಇಷ್ಟು: ಅಕ್ರಮವನ್ನು ತಡೆಯುವುದರ ಜೊತೆಜೊತೆಗೇ ಸಕ್ರಮವಾಗಿ ನಡೆಸಲು ಅನುಕೂಲ ಒದಗಿಸುವುದೂ ಸರಕಾರದ ಹೊಣೆ, ಆಹಾರದ ಆಯ್ಕೆಯು ಜೀವಿಸುವ ಹಕ್ಕಿನೊಂದಿಗೆ ಬೆಸೆದುಕೊಂಡಿದೆ, ಪರವಾನಗಿಯ ಅರ್ಜಿಗಳನ್ನು ಸುಮ್ಮನೆ ಇಟ್ಟುಕೊಂಡು ಕುಳಿತುಕೊಳ್ಳುವಂತಿಲ್ಲ. ನಮ್ಮ ಊರಿಗೂ ಬೇಕಾದದ್ದು ಇದೇ ವಾದ. 1992ರ 74ನೇ ತಿದ್ದುಪಡಿಯು ಸಂವಿಧಾನಕ್ಕೆ ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ, ನಗರಾಡಳಿತಕ್ಕೆ ವಹಿಸಬಹುದಾದ ಹದಿನೆಂಟು ವಿಷಯಗಳ ಪೈಕಿ ಹದಿನೆಂಟನೆಯದು ವಧಾಗಾರ ಮತ್ತು ಚರ್ಮ ಹದಮಾಡುವ ಕಾರ್ಖಾನೆಗಳ ನಿಯಂತ್ರಣ.

ಇನ್ನು ನಮ್ಮ ಕಡೆಗೆ ತಿರುಗೋಣ. ಕೇಂದ್ರ ಸರಕಾರವು 2001ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ವಧಾಗಾರ ನಿಯಮಗಳನ್ನು ಪ್ರಕಟಿಸಿತು. ಅವುಗಳ ಹೆಸರು ಕೇಳಿದೊಡನೆ ನಮ್ಮವರಿಗೆ ಸಂಶಯ. ಅವುಗಳಲ್ಲಿರುವುದೇನು? ಪಟ್ಟಣದ ಮಿತಿಯೊಳಗೆ ಮಾನ್ಯತೆ ಪಡೆದ ವಧಾಗಾರದ ಹೊರಗೆ ಕೊಯ್ಯಬಾರದು. ಗರ್ಭ ಧರಿಸಿದ ಪ್ರಾಣಿಯನ್ನು, ಮೂರು ತಿಂಗಳೊಳಗಿನ ಮರಿಯನ್ನು, ಅಂತಹ ಮರಿಯಿರುವ ತಾಯಿಯನ್ನು ಕೊಯ್ಯಬಾರದು. ಪ್ರಾಣಿಗೆ ನೀರು, ಮೇವು, ವಿಶ್ರಾಂತಿ ಕೊಡಬೇಕು. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು. ಒಬ್ಬ ಪಶುವೈದ್ಯ ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಬಾರದು. ಈ ಕೊನೆಯ ನಿಯಮವನ್ನು ಮೊದಲ ಬಾರಿಗೆ ಓದಿದಾಗ ನನಗೆ ಆ ಹೋಟೆಲಿನ ಬೆಂಚು ನೆನಪಾಯಿತು.

ಹೇಳಿ, ಇದರಲ್ಲಿ ಯಾವುದು ನಮ್ಮ ದೀನಿಗೆ ವಿರುದ್ಧ? ಕೊಯ್ಯುವ ಮುನ್ನ ಚೂರಿಯನ್ನು ಹರಿತಗೊಳಿಸಿ, ಪ್ರಾಣಿಗೆ ನೆಮ್ಮದಿ ಕೊಡಿ ಎಂದು ಪ್ರವಾದಿ(ಸ) ಕಲಿಸಿದರು. ನಿಮ್ಮ ಮಸೀದಿಯ ಇಮಾಮರು ಇದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಸತ್ತ ಪ್ರಾಣಿಯ ಮಾಂಸ ನಮಗೆ ನಿಷಿದ್ಧ. ಜೀವಂತ ಪ್ರಾಣಿಯನ್ನು ಕೊಯ್ಯುವ ಮುನ್ನ ಪರೀಕ್ಷಿಸುವ ನಿಯಮವು ಈ ನಿಷೇಧಕ್ಕೂ ಕಾವಲು. ನೆರಡಿ ರೋಗದಿಂದ ದಿಢೀರನೆ ಸಾಯುವ ಕುರಿಯನ್ನು ಕುತ್ತಿಗೆ ಕೊಯ್ದು ಅಂಗಡಿಗೆ ಸಾಗಿಸುವ ದುರಾಸೆಯವರು ಎಲ್ಲಾ ಸಮುದಾಯಗಳಲ್ಲೂ ಇದ್ದಾರೆ. ಆ ರೋಗಾಣು ಮಣ್ಣಿನಲ್ಲಿ ದಶಕಗಟ್ಟಲೆ ಬದುಕಬಲ್ಲದು. ಸುಲಿದವನ ಕೈಗೂ ಬರುತ್ತದೆ. ಇನ್ನು, ಕಾನೂನು ನಮ್ಮ ವಿಧಾನವನ್ನೇ ಅಪರಾಧವೆನ್ನುತ್ತದೆ ಎಂಬ ಭಯ ಬೇಡ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 28ನೇ ಕಲಮು, ಯಾವುದೇ ಸಮುದಾಯದ ಧರ್ಮಕ್ಕೆ ಅಗತ್ಯವಾದ ರೀತಿಯಲ್ಲಿ ಪ್ರಾಣಿಯನ್ನು ಕೊಯ್ಯುವುದು ಆ ಕಾಯ್ದೆಯಡಿ ಅಪರಾಧವಲ್ಲ ಎಂದು ಸ್ಪಷ್ಟಪಡಿಸಿದೆ.

ಸರಕಾರದ ನಿಯಂತ್ರಣವೆಂದರೆ ಹೊರಗಿನಿಂದ ಬಂದ ಕಾಟವೆಂದು ಭಾವಿಸುವವರಿಗೆ ನಮ್ಮದೇ ಇತಿಹಾಸವನ್ನು ನೆನಪಿಸಬೇಕು. ಮುಸ್ಲಿಮ್ ನಗರಗಳಲ್ಲಿ ಹಿಸ್ಬಾ ಎಂಬ ವ್ಯವಸ್ಥೆಯಿತ್ತು. ಮಾರುಕಟ್ಟೆಯನ್ನು ನೋಡಿಕೊಳ್ಳುವ ಅಧಿಕಾರಿಗೆ ಮುಹ್ತಸಿಬ್ ಎನ್ನುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲಿ ಸಿರಿಯಾದ ಶೈಝರೀ ಎಂಬವರು ಈ ಅಧಿಕಾರಿಗಳಿಗಾಗಿಯೇ ಬರೆದ ಕೈಪಿಡಿಯಲ್ಲಿ ಕಸಾಯಿಗಳ ಬಗ್ಗೆ ಒಂದು ಅಧ್ಯಾಯವೇ ಇದೆ. ಅಂಗಡಿಯ ಬಾಗಿಲಲ್ಲಿ ಕೊಯ್ದು ದಾರಿಯನ್ನು ರಕ್ತದಿಂದ ಹೊಲಸು ಮಾಡಬಾರದು. ಕುರಿಮಾಂಸದಲ್ಲಿ ಮೇಕೆಮಾಂಸವನ್ನು ಬೆರೆಸಬಾರದು. ಗುರುತು ತಪ್ಪದಿರಲು ಮೇಕೆಮಾಂಸಕ್ಕೆ ಕೇಸರಿಯ ಚುಕ್ಕೆ ಇಡಬೇಕು. ಕೊನೆಯ ತುಂಡು ಮಾರಾಟವಾಗುವವರೆಗೆ ಮೇಕೆಯ ಬಾಲವನ್ನು ತೆಗೆಯದೆ ತೂಗುಬಿಟ್ಟಿರಬೇಕು. ಎಂಟು ನೂರು ವರ್ಷಗಳ ಹಿಂದಿನ ಆ ಕೇಸರಿ ಚುಕ್ಕೆಗೂ ನನ್ನ ನೇರಳೆ ಶಾಯಿಯ ಮೊಹರಿಗೂ ಏನು ವ್ಯತ್ಯಾಸ? ಆ ಮುಹ್ತಸಿಬನು ಬೆಂಚಿನ ಮೇಲೆ ಕೂರುತ್ತಿರಲಿಲ್ಲ ಎಂಬುದಷ್ಟೇ ಇರಬೇಕು.

ಸಹೋದರರೇ, ಈಗ ಸ್ವಲ್ಪ ಕಹಿ ಮಾತು. ನಮ್ಮ ಮೊಹಲ್ಲಾಗಳಲ್ಲಿ ನಡೆದು ಹೋಗಿ. ಅಂಗಡಿಯ ಮುಂದೆ ಧೂಳಿಗೆ, ನೊಣಕ್ಕೆ, ಬಸ್ಸಿನ ಹೊಗೆಗೆ ತೆರೆದು ತೂಗುಹಾಕಿದ ಮಾಂಸ. ಕೋಳಿಯಂಗಡಿಯ ಡ್ರಮ್ಮು ತೊಳೆದ ನೀರು ನೇರವಾಗಿ ರಸ್ತೆಗೆ. ಪುಕ್ಕ, ಕರುಳುಗಳನ್ನು ಗೋಣಿಚೀಲದಲ್ಲಿ ತುಂಬಿ ರಾತ್ರಿ ಕೆರೆಯ ಏರಿಯಲ್ಲಿ ಎಸೆಯುವವರು ನಮ್ಮ ನಡುವೆಯೇ ಇದ್ದಾರೆ, ಹೆಸರು ಹೇಳಬೇಕಾಗಿಲ್ಲ. ಸಂತೆಯಿಂದ ಕಾಲು ಕಟ್ಟಿ ಬೈಕಿನ ಹಿಂದೆ ತಲೆಕೆಳಗಾಗಿ ಕೋಳಿಗಳನ್ನು ತೂಗುಬಿಟ್ಟು ತರುವುದನ್ನು ದಿನಾ ನೋಡುತ್ತೇವೆ. ಅಂತಹ ಅಂಗಡಿಯ ಮುಂದೆ 'ಹಲಾಲ್' ಎಂದು ಹಸಿರು ಬಣ್ಣದಲ್ಲಿ ಬರೆದಿರುತ್ತದೆ. ಮಾಮೂಲು ಕೊಟ್ಟರೆ ಮುಗಿಯಿತು ಎಂಬ ರೂಢಿಗೆ ನಾವೂ ಒಗ್ಗಿಹೋದೆವು. ಪರವಾನಗಿಯ ಶುಲ್ಕಕ್ಕಿಂತ ಮಾಮೂಲು ಹೆಚ್ಚು ಎಂಬ ಲೆಕ್ಕವನ್ನೂ ನಾವು ಹಾಕಿ ನೋಡಲಿಲ್ಲ. ಇನ್ನೊಂದು: ಈ ಪಟ್ಟಣದ ಆಡಳಿತದಲ್ಲಿ ನಮ್ಮ ಸಮುದಾಯದ ಸದಸ್ಯರು ಎಷ್ಟು ಅವಧಿಗಳಿಂದ ಇದ್ದಾರೆ? ಬಜೆಟ್ ಸಭೆಯಲ್ಲಿ ಶಾದಿಮಹಲಿನ ಬಗ್ಗೆ ಮಾತನಾಡಿದ್ದಾರೆ, ಖಬರಸ್ಥಾನದ ಕಾಂಪೌಂಡಿನ ಬಗ್ಗೆ ಮಾತನಾಡಿದ್ದಾರೆ. ಅವೂ ಬೇಕು. ವಧಾಗಾರದ ಬಗ್ಗೆ ಒಬ್ಬರಾದರೂ ಲಿಖಿತ ಪ್ರಶ್ನೆ ಕೇಳಿದ್ದರೆ ನನಗೆ ತೋರಿಸಿ, ಸಂತೋಷಪಡುತ್ತೇನೆ.

ಈ ಕೆಲಸದಲ್ಲಿ ನಾವು ಒಂಟಿಯಲ್ಲ. 2022ರ ಯುಗಾದಿಯ ಸಮಯದಲ್ಲಿ ಹಲಾಲ್ ಮಾಂಸವನ್ನು ಬಹಿಷ್ಕರಿಸಿ ಎಂಬ ಕೂಗು ಎದ್ದದ್ದು ನಿಮಗೆ ನೆನಪಿರಬಹುದು. ಯುಗಾದಿಯ ಮರುದಿನದ 'ಹೊಸತೊಡಕು' ಹಳೇ ಮೈಸೂರಿನ ಕಡೆ ಮಾಂಸದ ಹಬ್ಬ. ಹಳ್ಳಿಗಳಲ್ಲಿ ಹತ್ತು ಮನೆಯವರು ಹಣ ಕೂಡಿಸಿ ಮರಿ ತಂದು, ಪಾಲು ಹಾಕಿ 'ಗುಡ್ಡೆ ಮಾಂಸ' ಹಂಚಿಕೊಳ್ಳುತ್ತಾರೆ. ಕುರಿ ಸಾಕುವ ಕುರುಬರು, ಸಂತೆಯಲ್ಲಿ ಮಾರುವ ಒಕ್ಕಲಿಗರು, ದಲಿತರು, ಕ್ರೈಸ್ತರು, ಹೋಟೆಲಿನವರು, ಇವರೆಲ್ಲರ ಹೊಟ್ಟೆಪಾಡು ಅಥವಾ ಊಟ ಈ ಸರಪಳಿಯಲ್ಲಿದೆ. ಇದನ್ನು 'ಮುಸ್ಲಿಮರ ಕಸಾಯಿಖಾನೆ' ಎಂದು ಕೇಳಿದರೆ ಎರಡೇ ದಿನದಲ್ಲಿ ಅದು ಕೋಮು ವಿವಾದವಾಗುತ್ತದೆ, ಕಡತ ಮುಚ್ಚುತ್ತದೆ. ಊರಿನ ಆರೋಗ್ಯದ ಪ್ರಶ್ನೆಯಾಗಿ ಕೇಳಿದರೆ ಜೊತೆಗೆ ಸಹಿ ಹಾಕುವವರು ಬಹಳ. ಆದುದರಿಂದಲೇ ನಮ್ಮ ಅರ್ಜಿಯ ಮೊದಲ ಸಹಿ ಜಮಾಅತ್ ಅಧ್ಯಕ್ಷರದ್ದಲ್ಲ. ಕುರಿ ಸಾಕಣೆದಾರರೊಬ್ಬರದ್ದು. ಅಧ್ಯಕ್ಷರು ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ.

ಅರ್ಜಿಯಲ್ಲಿ ಏನಿದೆ ಎಂದು ಹೇಳಿಬಿಡುತ್ತೇನೆ. ಬರುವ ಆಯವ್ಯಯದಲ್ಲಿ ನೀರು, ಚರಂಡಿ, ತ್ಯಾಜ್ಯದ ಗುಂಡಿ ಇರುವ ಒಂದು ಚಿಕ್ಕ ವಧಾಗಾರಕ್ಕೆ ಹಣ ತೆಗೆದಿಡಬೇಕು. ಅದು ಆಗುವವರೆಗೆ ಒಂದು ತಾತ್ಕಾಲಿಕ ಜಾಗವನ್ನು ಗುರುತಿಸಿ, ನಿಗದಿತ ವೇಳೆಗೆ ಪಶುವೈದ್ಯರನ್ನು ಕಳುಹಿಸಬೇಕು. ಬಾಕಿ ಇರುವ ಪರವಾನಗಿ ಅರ್ಜಿಗಳಿಗೆ ಹೌದು ಅಥವಾ ಇಲ್ಲ ಎಂದು ಕಾರಣ ಸಹಿತ ಲಿಖಿತವಾಗಿ ಉತ್ತರಿಸಬೇಕು. ಇದರೊಂದಿಗೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದ ಒಂದು ಪ್ರತ್ಯೇಕ ಅರ್ಜಿಯೂ ಹೋಗುತ್ತಿದೆ: ಕಳೆದ ವರ್ಷಗಳಲ್ಲಿ ಮಾಂಸದಂಗಡಿಗಳಿಂದ ವಸೂಲಾದ ಶುಲ್ಕ, ದಂಡ ಎಷ್ಟು, ಅದರಲ್ಲಿ ವಧಾಗಾರಕ್ಕೆ ಖರ್ಚಾದದ್ದು ಎಷ್ಟು ಎಂಬುದಷ್ಟೇ ಪ್ರಶ್ನೆ. ಅಂಗಡಿಯವರಿಗೆ ನನ್ನದೊಂದು ಮನವಿ. ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿಯನ್ನು ಪ್ರತಿಯೊಬ್ಬರೂ ಮಾಡಿಸಿ, ಸಂತೆಯ ರಸೀದಿಗಳನ್ನು ಎಸೆಯಬೇಡಿ. ದಾರಿಯಲ್ಲಿ ಗುಂಪು ತಡೆದಾಗ, ಠಾಣೆಯಲ್ಲಿ ಪ್ರಶ್ನಿಸಿದಾಗ ಬಡವನ ಪರವಾಗಿ ಮೊದಲು ಮಾತನಾಡುವುದು ಅವನ ಜೇಬಿನ ಕಾಗದ. ಅದು ಎಲ್ಲಾ ಸಲವೂ ರಕ್ಷಿಸುತ್ತದೆ ಎಂದು ನಾನು ಸುಳ್ಳು ಭರವಸೆ ಕೊಡಲಾರೆ. ಕಾಗದವಿಲ್ಲದವನ ಪರವಾಗಿ ವಾದಿಸಲು ವಕೀಲನಿಗೂ ಏನೂ ಸಿಗುವುದಿಲ್ಲ ಎಂಬುದನ್ನು ಮಾತ್ರ ಕಂಡಿದ್ದೇನೆ.

ಬಕ್ರೀದ್‌ನ ಮಟ್ಟಿಗೆ ಯುವಕರ ತಂಡವೊಂದು ಸಿದ್ಧವಾಗಿದೆ. ಮೂರು ಕಡೆ ತಗಡಿನ ಮರೆ ಕಟ್ಟಿ ಜಾಗ ಮಾಡಲಾಗುತ್ತದೆ. ಮನೆಯ ಮುಂದಿನ ರಸ್ತೆಯಲ್ಲಿ, ಮೋರಿಯ ಮೇಲೆ ಯಾರೂ ಕೊಯ್ಯಕೂಡದು. ಗುಂಡಿಗಳನ್ನು ಹಬ್ಬದ ಹಿಂದಿನ ದಿನವೇ ಆಳವಾಗಿ ತೋಡಿ, ಸುಣ್ಣ ತಂದಿಡಬೇಕು. ನಾಯಿ ಕೆದಕಿ ತೆಗೆಯುವಷ್ಟು ಮೇಲ್ಮಟ್ಟದಲ್ಲಿ ಹೂಳಿದರೆ ಹೂಳದಿದ್ದಂತೆಯೇ. ಕಲೇಜಿಯಲ್ಲಿ, ಶ್ವಾಸಕೋಶದಲ್ಲಿ ಗುಳ್ಳೆ ಕಂಡರೆ ಒಡೆಯಬೇಡಿ, ನನಗೆ ಹೇಳಿಕಳುಹಿಸಿ. ಮೊಬೈಲಿನಲ್ಲಿ ಕೊಯ್ಯುವ ದೃಶ್ಯವನ್ನು ಚಿತ್ರಿಸಿ ಹಂಚುವುದು ಯಾವ ಪುಣ್ಯದ ಕೆಲಸವೋ ನನಗೆ ಅರ್ಥವಾಗಿಲ್ಲ. ದಯವಿಟ್ಟು ಅದನ್ನು ನಿಲ್ಲಿಸಿ. ತಾಯಂದಿರಲ್ಲಿ ಒಂದು ವಿನಂತಿ: ಕರುಳು, ಬೋಟಿ ತೊಳೆಯುವ ಕೆಲಸ ಪ್ರತಿವರ್ಷ ನಿಮ್ಮ ಪಾಲಿಗೇ ಬೀಳುತ್ತದೆ. ಆ ನೀರನ್ನು ಅಂಗಳದ ಚರಂಡಿಗೆ ಬಿಡಬೇಡಿ. ಟ್ರ್ಯಾಕ್ಟರಿನಲ್ಲಿ ನೀರಿನ ಟ್ಯಾಂಕ್ ತಂದು ಮರೆಯ ಜಾಗದಲ್ಲೇ ತೊಳೆಯುವ ವ್ಯವಸ್ಥೆಯನ್ನು ಗಂಡಸರು ಮಾಡಲಿದ್ದಾರೆ. ಮಾಡದಿದ್ದರೆ ಬೋಟಿ ಬೇಯಿಸಬೇಡಿ.

ಚರ್ಮದ ಬಗ್ಗೆ ಹಲವರು ಕೇಳಿದ್ದಾರೆ. ಒಂದು ಕಾಲದಲ್ಲಿ ಮದ್ರಸಾಗಳ ಖರ್ಚಿಗೆ ಆಸರೆಯಾಗಿದ್ದ ಚರ್ಮಕ್ಕೆ ಈಗ ಕೊಳ್ಳುವವರೇ ಸಿಗುವುದಿಲ್ಲ. ಉಪ್ಪು ಹಾಕದೆ ಮಸೀದಿಯ ಜಗಲಿಯಲ್ಲಿ ರಾಶಿ ಹಾಕಿ ಹೋಗಬೇಡಿ; ಮೂರನೆಯ ದಿನ ಅದರ ಪಕ್ಕದಲ್ಲಿ ನಮಾಝ್ ಮಾಡುವವರ ಗತಿ ಏನು? ಉಪ್ಪು ಸವರಿ, ಮಡಚಿ, ಅದೇ ಸಂಜೆ ಮದ್ರಸಾದವರ ಗಾಡಿಗೆ ಕೊಡಿ.

ಹಬ್ಬದ ದಿನ ಫಜ್ರ್ ನಮಾಝಿನ ನಂತರ ಆ ಮೂರೂ ಜಾಗಗಳಿಗೆ ಸರದಿಯಂತೆ ನಾನು ಬರುತ್ತೇನೆ. ನನ್ನ ಕೈಯಲ್ಲಿ ಈಗ ಮೊಹರು ಇಲ್ಲ, ಆ ಅಧಿಕಾರವೂ ಇಲ್ಲ. ಪ್ರಾಣಿಯ ಕಣ್ಣು, ಮೂಗು, ನಡಿಗೆಗಳನ್ನು ನೋಡಿ ಹೇಳಬಲ್ಲೆ, ಅಷ್ಟೇ. ಗಂಟೆಗೆ ಹನ್ನೆರಡಕ್ಕಿಂತ ಹೆಚ್ಚು ನೋಡುವುದಿಲ್ಲ, ಆದುದರಿಂದ ಅವಸರ ಮಾಡಬೇಡಿ. ಅರ್ಜಿಯ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಸಹಿ ಹಾಕುವವರು ವಾರ್ಡ್ ಸಂಖ್ಯೆ ಮತ್ತು ಪೂರ್ತಿ ವಿಳಾಸ ಬರೆಯಿರಿ. ಸೋಮವಾರ ಹನ್ನೊಂದು ಗಂಟೆಗೆ ಮುಖ್ಯಾಧಿಕಾರಿಗಳನ್ನು ಕಾಣಲು ಹೋಗುವಾಗ ಅಂಗಡಿಯವರು ಕಡ್ಡಾಯವಾಗಿ ಜೊತೆಗಿರಬೇಕು.